ಜೀಪಿಗೆ ಇಂಟರ್‌ಕೂಲರ್: ಬೇಕೆ, ಬೇಡವೆ?

ಚಾಲಿ ಸುಲಿದು ಚೀಲ ತುಂಬುವ ಕಾಲ ಬಂತೆಂದರೆ ನಮ್ಮ ಸಂಘದ ತೂಕದ ಅಂಗಳದಲ್ಲಿ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ಒಂದು, ಧಾರಣೆಯ ಮಾತು. ಇನ್ನೊಂದು, ಗಾಡಿಯ ಮಾತು. ಧಾರಣೆ ನಮ್ಮ ಕೈಯಲ್ಲಿಲ್ಲ. ಗಾಡಿಯಾದರೋ ನಮ್ಮ ಮನೆಯ ಅಂಗಳದಲ್ಲಿಯೇ ನಿಂತಿರುತ್ತದೆ; ಅದರ ಬಗ್ಗೆ ತೀರ್ಮಾನ ಮಾಡುವವರು ನಾವೇ. ಈ ಸಲದ ಗಾಡಿಯ ಮಾತಿನಲ್ಲಿ ‘ಇಂಟರ್‌ಕೂಲರ್’ ಎಂಬ ಶಬ್ದ ಮತ್ತೆ ಮತ್ತೆ ಬಂದಿದೆ. ಹಳೆಯ ಟರ್ಬೊ ಡೀಸೆಲ್ ಜೀಪಿಗೆ ಹೊರಗಿನಿಂದ ತಂದು ಇದನ್ನು ಕೂಡಿಸಿದರೆ ಬಲ ಹೆಚ್ಚುತ್ತದೆಂದೂ, ಡೀಸೆಲ್ ಉಳಿಯುತ್ತದೆಂದೂ, ಹೊಗೆ ಹೋಗುತ್ತದೆಂದೂ ಗ್ಯಾರೇಜುಗಳಲ್ಲಿ ಹೇಳುತ್ತಾರಂತೆ. ಹಾಕಿಸಬಹುದೇ ಎಂದು ಸದಸ್ಯರನೇಕರು ನಮ್ಮನ್ನು ಕೇಳಿದ್ದಾರೆ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಎಲ್ಲರಿಗೂ ಸೇರಿಸಿ ಇಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ಈ ಪ್ರಶ್ನೆ ಎಲ್ಲಿಂದ ಬಂತೆಂಬುದನ್ನು ಮೊದಲು ನೋಡೋಣ. ಅಪ್ಸರಕೊಂಡದ ಜಲಪಾತವನ್ನೂ ಗುಡ್ಡದ ಮೇಲಿನಿಂದ ಕಾಣುವ ಕಡಲನ್ನೂ ನೋಡಲು ರಜೆಯ ದಿನಗಳಲ್ಲಿ ಪೇಟೆಯ ಜೀಪುಗಳು ಸಾಲುಗಟ್ಟಿ ಬರುತ್ತವೆ. ದಪ್ಪ ಟಯರು, ಬಾನೆಟ್ಟಿನ ಮೇಲೆ ಗಾಳಿಗೂಡು, ಮುಂದುಗಡೆ ಹೊಳೆಯುವ ಅಲ್ಯುಮಿನಿಯಂ ಜಾಲರಿ. ನಮ್ಮ ಮಕ್ಕಳು ಅದನ್ನು ನೋಡುತ್ತಾರೆ. ನೋಡುವುದು ತಪ್ಪೇನೂ ಅಲ್ಲ. ಆದರೆ ಆ ಜೀಪು ವಾರಕ್ಕೊಮ್ಮೆ ಮೋಜಿಗಾಗಿ ಹೊರಡುವುದು. ನಮ್ಮದು ದಿನವೂ ದುಡಿಯುವುದು. ಬೆಟ್ಟದಿಂದ ಸೊಪ್ಪು, ಕೊಟ್ಟಿಗೆಯಿಂದ ಗೊಬ್ಬರ, ತೋಟದಿಂದ ಹಸಿ ಗೊನೆ, ಮಳೆಗಾಲದ ಮುಂಚೆ ಮೈಲುತುತ್ತ ಮತ್ತು ಸುಣ್ಣ, ರಾತ್ರಿ ಹೊತ್ತಿನಲ್ಲಿ ಹೊನ್ನಾವರದ ಆಸ್ಪತ್ರೆಗೆ ಮನೆಯವರನ್ನು ಸಾಗಿಸುವ ಕೆಲಸ, ಇವೆಲ್ಲ ಅದರ ಪಾಲಿಗೆ ಬಿದ್ದಿವೆ. ಆದ್ದರಿಂದ ಅವರ ಗಾಡಿಗೆ ಒಪ್ಪುವುದು ನಮ್ಮ ಗಾಡಿಗೂ ಒಪ್ಪಲೇಬೇಕೆಂಬ ನಿಯಮವೇನೂ ಇಲ್ಲ.

ಇಂಟರ್‌ಕೂಲರ್ ಎಂದರೇನೆಂಬುದು ಅನೇಕರಿಗೆ ಸ್ಪಷ್ಟವಿಲ್ಲ. ಎಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಹೊರಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನವೇ ಟರ್ಬೊ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಚಿ ಎಂಬ ಎಂಜಿನಿಯರ್ 1905ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆದವರಿಗೆ ಪಂಪಿನ ಬುಡ ಕೈ ಸುಡುವುದು ಗೊತ್ತೇ ಇದೆ. ಹೊರಗಾಳಿ 30 ಡಿಗ್ರಿ ಇದ್ದು, ಟರ್ಬೊ ಅದನ್ನು 1.8 ಪಟ್ಟು ಒತ್ತಿತೆಂದರೆ ಆ ಗಾಳಿ ಸುಮಾರು 110 ಡಿಗ್ರಿಗೆ ಏರುತ್ತದೆ. ಬಿಸಿ ಗಾಳಿ ಹಿಗ್ಗಿಕೊಂಡಿರುವುದರಿಂದ ಅದೇ ಜಾಗದಲ್ಲಿ ಹಿಡಿಯುವ ಗಾಳಿ ಕಡಿಮೆ. ಈ ಗಾಳಿಯನ್ನು ಎಂಜಿನ್ನಿಗೆ ಹೋಗುವ ಮುಂಚೆ ಒಂದು ಜಾಲರಿಯೊಳಗೆ ಹಾಯಿಸಿ 55–60 ಡಿಗ್ರಿಗೆ ಇಳಿಸಿದರೆ, ಅದೇ ಒತ್ತಡದಲ್ಲಿ ಶೇಕಡಾ 15ರ ಸುಮಾರಿಗೆ ಹೆಚ್ಚು ಗಾಳಿ ಹಿಡಿಯುತ್ತದೆ. ಜಾಲರಿಯಲ್ಲಿ ಹಾಯುವಾಗ ಒತ್ತಡ ಸ್ವಲ್ಪ ಇಳಿಯುವುದನ್ನು ಕಳೆದರೂ 12–13 ಉಳಿದೀತು. ಆ ಜಾಲರಿಯೇ ಇಂಟರ್‌ಕೂಲರ್. ಅದರಲ್ಲಿ ಮಾಟವಿಲ್ಲ, ಮೋಸವೂ ಇಲ್ಲ. ಇಂದು ಬರುವ ಹೊಸ ಟರ್ಬೊ ಡೀಸೆಲ್ ಗಾಡಿಗಳು ಕಾರ್ಖಾನೆಯಿಂದಲೇ ಇದನ್ನು ಹೊತ್ತು ಬರುತ್ತವೆ. ನಮ್ಮ ತಕರಾರು ಇಂಟರ್‌ಕೂಲರಿನ ಮೇಲಲ್ಲ. ಅದು ಇಲ್ಲದೆ ಲೆಕ್ಕ ಹಾಕಿ ಕಟ್ಟಿದ ಗಾಡಿಗೆ ಅದನ್ನು ಲೆಕ್ಕವಿಲ್ಲದೆ ತಗಲಿಸುವುದರ ಮೇಲೆ.

ಮೊದಲನೆಯ ಮಾತು. ನಿಮ್ಮ ಗಾಡಿಗೆ ಟರ್ಬೊ ಇದೆಯೇ? ಬಾನೆಟ್ ಎತ್ತಿ ನೋಡಿಕೊಳ್ಳಿ. ನಮ್ಮ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಮಹೀಂದ್ರ ಜೀಪುಗಳಲ್ಲಿ ಎಷ್ಟೋ, ಉದಾಹರಣೆಗೆ ಪ್ಯೂಜೊ ಮಾದರಿಯ 2.1 ಲೀಟರ್ ಡೀಸೆಲ್ ಎಂಜಿನ್ನಿನ ಎಂಎಂ 540, ಟರ್ಬೊ ಇಲ್ಲದವು. ಅಲ್ಲಿ ಒತ್ತಿದ ಗಾಳಿಯೂ ಇಲ್ಲ, ಬಿಸಿಯಾದ ಗಾಳಿಯೂ ಇಲ್ಲ. ಅಂಥ ಗಾಡಿಗೆ ಇಂಟರ್‌ಕೂಲರ್ ಹಾಕುವುದೆಂದರೆ ಬಾವಿಯಿಲ್ಲದ ಮನೆಗೆ ರಾಟೆ ತಂದ ಹಾಗೆ.

ಎರಡನೆಯ ಮಾತು. 2010ರಲ್ಲಿ ಥಾರ್ ಗಾಡಿ ಬಂದಾಗ ಅದರಲ್ಲಿ ಎರಡು ಬಗೆಯಿತ್ತು. ಡಿಐ ಎಂಜಿನ್ನಿನದಕ್ಕೆ 63 ಅಶ್ವಶಕ್ತಿ, ಸಿಆರ್‌ಡಿಇ ಎಂಜಿನ್ನಿನದಕ್ಕೆ 105. ಎರಡೂ ಸುಮಾರು ಎರಡೂವರೆ ಲೀಟರಿನವೇ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು, ‘ನೋಡಿ, ಇಂಟರ್‌ಕೂಲರ್ ಹಾಕಿದರೆ ಇಷ್ಟು ಬಲ’ ಎಂದು ಹೇಳುವವರಿದ್ದಾರೆ. ಇದು ಸರಿಯಲ್ಲ. ಸಿಆರ್‌ಡಿಇ ಎಂದರೆ ಕಾಮನ್ ರೈಲ್ ಪದ್ಧತಿ. ಅದರಲ್ಲಿ ಡೀಸೆಲನ್ನು ಬಹಳ ಹೆಚ್ಚಿನ ಒತ್ತಡದಲ್ಲಿ, ಕಂಪ್ಯೂಟರಿನ ಲೆಕ್ಕದಲ್ಲಿ ಸಿಂಪಡಿಸುತ್ತಾರೆ. ಎಂಜಿನ್ನೇ ಬೇರೆ. ಎರಡರ ನಡುವಿನ 42 ಅಶ್ವಶಕ್ತಿಯನ್ನು ಒಂದು ಜಾಲರಿಯ ಲೆಕ್ಕಕ್ಕೆ ಬರೆಯುವುದು ಸುಳ್ಳು ಲೆಕ್ಕ. ಇನ್ನೊಂದು ಕಡೆಯಿಂದ ನೋಡುವುದಾದರೆ, 2005ರಲ್ಲಿ ನಮ್ಮ ದೇಶಕ್ಕೆ ಬಂದ ಇನ್ನೊವಾ ಗಾಡಿಯ 2.5 ಲೀಟರ್ ಎಂಜಿನ್ನಿಗೆ ಟರ್ಬೊ ಇತ್ತು, ಇಂಟರ್‌ಕೂಲರ್ ಇರಲಿಲ್ಲ. ಬಾಡಿಗೆಗೆ ಓಡಿದ ಆ ಗಾಡಿಗಳು ಎಷ್ಟು ಲಕ್ಷ ಕಿಲೋಮೀಟರ್ ದಾಟಿವೆಯೆಂಬುದನ್ನು ನಮ್ಮ ಹೊನ್ನಾವರ, ಕುಮಟಾ, ಭಟ್ಕಳದ ಯಾವ ಚಾಲಕರನ್ನು ಕೇಳಿದರೂ ಹೇಳಿಯಾರು. ಇಂಟರ್‌ಕೂಲರ್ ಇಲ್ಲವೆಂಬ ಒಂದೇ ಕಾರಣಕ್ಕೆ ಎಂಜಿನ್ ಬೇಗ ಕೆಡುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿ ಹೆಚ್ಚಾದ ಮಾತ್ರಕ್ಕೆ ಬಲ ಹೆಚ್ಚುವುದಿಲ್ಲ. ಬಲ ಬರುವುದು ಸುಡುವ ಡೀಸೆಲಿನಿಂದ. ಹಳೆಯ ಪಂಪಿನ ಗಾಡಿಗೆ ಇಂಟರ್‌ಕೂಲರ್ ಹಾಕಿ ಬೇರೇನನ್ನೂ ಮುಟ್ಟದಿದ್ದರೆ, ಇದ್ದ ಡೀಸೆಲ್ ಇನ್ನಷ್ಟು ಚೆನ್ನಾಗಿ ಉರಿದು ಹೊಗೆ ಸ್ವಲ್ಪ ಇಳಿಯುತ್ತದೆ, ಎಂಜಿನ್ನಿನ ಒಳಗಿನ ಉಷ್ಣ ಕಡಿಮೆಯಾಗುತ್ತದೆ. ಅಷ್ಟೇ ಲಾಭ, ಆದರೆ ಅದು ಒಳ್ಳೆಯ ಲಾಭವೇ. ಗಿರಾಕಿಗೆ ಮಾತ್ರ ಅದು ಕಾಣುವುದಿಲ್ಲ. ‘ದುಡ್ಡು ಕೊಟ್ಟರೂ ಬಲ ಬರಲಿಲ್ಲವಲ್ಲ’ ಎಂದು ಆತ ಮರುದಿನ ಗ್ಯಾರೇಜಿಗೆ ಹೋಗುತ್ತಾನೆ. ಆಗ ಮೆಕ್ಯಾನಿಕ್ ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸುತ್ತಾನೆ. ಗಾಡಿ ಜಿಗಿಯುತ್ತದೆ, ಗಿರಾಕಿ ಸಂತೋಷಪಡುತ್ತಾನೆ. ಹಾಳಾಗುವುದು ಅಲ್ಲಿಂದಲೇ ಆರಂಭ.

ಇದನ್ನು ನಮಗೆಲ್ಲ ಗೊತ್ತಿರುವ ಬೋರ್ಡೋ ದ್ರಾವಣದ ಮೇಲಿಟ್ಟು ಹೇಳಬಹುದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕೊಳೆ ಬೇಗ ನಿಲ್ಲಲೆಂದು ಮೈಲುತುತ್ತ ಮಾತ್ರ ಹೆಚ್ಚಿಸಿ ಸುಣ್ಣ ಹೆಚ್ಚಿಸದಿದ್ದರೆ ಏನಾಗುತ್ತದೆ? ಎಳೆ ಮಿಳ್ಳೆ ಸುಡುತ್ತದೆ. ಡೀಸೆಲ್ ಮತ್ತು ಗಾಳಿಯ ಪ್ರಮಾಣವೂ ಹೀಗೆಯೇ. ಇಂಟರ್‌ಕೂಲರ್ ಕೊಟ್ಟದ್ದು ನೂರಕ್ಕೆ ಹನ್ನೆರಡು ಪಾಲು ಗಾಳಿ. ಸ್ಕ್ರೂ ತಿರುಗಿಸಿದ್ದು ಎಷ್ಟೆಂದು ಅಳೆದವರಿಲ್ಲ. ಹೆಚ್ಚಾದ ಡೀಸೆಲ್ ಎಂಜಿನ್ನಿನ ಒಳಗಿನ ಉಷ್ಣವನ್ನು ಏರಿಸಿ ಪಿಸ್ಟನ್ನಿಗೂ ಟರ್ಬೊಗೂ ಕುತ್ತು ತರುತ್ತದೆ. ಬೋರ್ಡೋ ದ್ರಾವಣವನ್ನು ಲಿಟ್ಮಸ್ ಕಾಗದ ಅದ್ದಿ ಪರೀಕ್ಷಿಸುವ ನಾವು ಗಾಡಿಯ ವಿಷಯದಲ್ಲಿ ಮಾತ್ರ ಕಣ್ಣಳತೆಗೆ ಒಪ್ಪುವುದು ಯಾವ ನ್ಯಾಯ?

ನಾಲ್ಕನೆಯದು ನಮ್ಮ ದಾರಿಯ ವಿಷಯ. ಇಂಟರ್‌ಕೂಲರ್ ಕೆಲಸ ಮಾಡಬೇಕಾದರೆ ಎರಡು ಸಂಗತಿ ಬೇಕು: ಟರ್ಬೊ ಜೋರಾಗಿ ತಿರುಗುತ್ತಿರಬೇಕು, ಜಾಲರಿಗೆ ಎದುರುಗಾಳಿ ಬಡಿಯುತ್ತಿರಬೇಕು. ಗುಡ್ಡದ ಅಂಚಿನಿಂದ ತೋಟಕ್ಕೆ ಇಳಿಯುವ ಕೆಂಪು ಮಣ್ಣಿನ ದಾರಿಯಲ್ಲಿ, ಫೋರ್ ವೀಲ್ ಹಾಕಿ, ಲೋ ಗೇರಿನಲ್ಲಿ, ಆಳು ನಡೆಯುವ ವೇಗದಲ್ಲಿ ಹೋಗುವಾಗ ಈ ಎರಡರಲ್ಲಿ ಒಂದೂ ಇರುವುದಿಲ್ಲ. ಟರ್ಬೊ ಹೆಚ್ಚು ಒತ್ತುವುದಿಲ್ಲ, ಆದ್ದರಿಂದ ಗಾಳಿ ಅಷ್ಟು ಬಿಸಿಯಾಗುವುದೂ ಇಲ್ಲ. ಬದಲಿಗೆ ಟರ್ಬೊದಿಂದ ಎಂಜಿನ್ನಿನ ತನಕ ಹೊಸದಾಗಿ ಸೇರಿಸಿದ ಉದ್ದನೆಯ ಕೊಳವೆ ತುಂಬಲು ಒಂದು ಕ್ಷಣ ಹೆಚ್ಚು ಹಿಡಿದು, ಆಕ್ಸಿಲರೇಟರ್ ಒತ್ತಿದಾಗ ಗಾಡಿ ಇನ್ನಷ್ಟು ತಡವಾಗಿ ಎದ್ದೀತು. ಕೆಸರಿನಿಂದ ಗಾಡಿ ಮೇಲೆ ಬರುವುದು ಟಯರಿನ ಹಿಡಿತದಿಂದ ಮತ್ತು ಗೇರಿನ ಬಲದಿಂದ. ನಮ್ಮ ಗಾಡಿಯ ಓಡಾಟದಲ್ಲಿ ಬಹುಪಾಲು ಇಂಥ ದಾರಿಯಲ್ಲಿಯೇ ಎಂಬುದನ್ನು ಮರೆಯಬಾರದು.

ಘಟ್ಟದ ದಾರಿಯ ಮಾತು ಬೇರೆ. ಗೇರುಸೊಪ್ಪೆಯಿಂದ ಮಾವಿನಗುಂಡಿಗೋ, ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೋ ಹೇರು ಹೊತ್ತು ಹೋಗುವಾಗ ಎಂಜಿನ್ ಬಹಳ ಹೊತ್ತು ಪೂರ್ತಿ ಬಲದಲ್ಲಿ ದುಡಿಯುತ್ತದೆ. ಇಂಟರ್‌ಕೂಲರಿನ ಗುಣ ಕಾಣುವುದು ಅಲ್ಲಿ. ಆದರೆ ಅದರ ದೋಷ ಕಾಣುವುದೂ ಅಲ್ಲಿಯೇ. ಜಾಲರಿಯನ್ನು ರೇಡಿಯೇಟರಿನ ಮುಂದೆ ಕೂಡಿಸಿದರೆ ರೇಡಿಯೇಟರಿಗೆ ಹೋಗುವ ಗಾಳಿ ಕಡಿಮೆಯಾಗುತ್ತದೆ. ಹೋಗುವ ಅಷ್ಟೂ ಗಾಳಿ ಮೊದಲೇ ಬಿಸಿಯಾಗಿರುತ್ತದೆ. ಕಾರ್ಖಾನೆಯವರು ಇಂಟರ್‌ಕೂಲರ್ ಕೊಡುವಾಗ ರೇಡಿಯೇಟರನ್ನೂ ಫ್ಯಾನನ್ನೂ ಅದಕ್ಕೆ ತಕ್ಕಂತೆ ಇಡುತ್ತಾರೆ. ಹೊರಗಿನಿಂದ ಹಾಕಿಸುವವರು ಇದನ್ನು ಯೋಚಿಸುವುದು ಕಡಿಮೆ.

ನಮಗೆ ಬೇಕಾದ ಸದಸ್ಯರೊಬ್ಬರ ಸಂಗತಿಯನ್ನು ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಮಗನ ಒತ್ತಾಯಕ್ಕೆ ಮಣಿದು, ದೊಡ್ಡ ಗಾಡಿಯೊಂದರಿಂದ ಬಿಚ್ಚಿದ ಹಳೆಯ ಇಂಟರ್‌ಕೂಲರನ್ನು ಅವರು ತಮ್ಮ ಜೀಪಿಗೆ ಹಾಕಿಸಿದರು. ಪಂಪಿನ ಸ್ಕ್ರೂ ಕೂಡ ತಿರುಗಿಸಿಕೊಂಡರು. ತಿಂಗಳೊಂದು ಗಾಡಿ ಹಾರಿತು. ಬೇಸಗೆಯ ಒಂದು ದಿನ ಶಿರಸಿಗೆಂದು ಚಾಲಿ ಹೇರಿಕೊಂಡು ದೇವಿಮನೆ ಘಟ್ಟ ಹತ್ತುವಾಗ ಉಷ್ಣದ ಮುಳ್ಳು ಕೆಂಪಿಗೆ ಹೋಯಿತು. ಮುಂದಿನ ತಿರುವಿನಲ್ಲಿ ನಿಲ್ಲಿಸಿದರಾಯಿತು ಎನ್ನುವಷ್ಟರಲ್ಲಿ ಹೆಡ್ ಗ್ಯಾಸ್ಕೆಟ್ ಹೋಗಿ ಬಿಳಿ ಹೊಗೆ ಎದ್ದಿತು. ಹೆಡ್ಡೂ ಬಿರುಕು ಬಿಟ್ಟಿತ್ತು. ಅಂದಿನ ಟೆಂಡರ್ ತಪ್ಪಿತು, ಗಾಡಿ ಎಳೆಸಿದ ಬಾಡಿಗೆ ಬೇರೆ, ರಿಪೇರಿಯ ಖರ್ಚು ಆ ವರ್ಷ ತೋಟಕ್ಕೆ ಔಷಧ ಹೊಡೆಸಿದ್ದಕ್ಕಿಂತ ಹೆಚ್ಚಾಯಿತು. ‘ಬಲ ಹೆಚ್ಚಿದ್ದು ಕಾಲಿಗೆ ತಿಳಿಯಿತು ಮಾರಾಯ್ರೆ, ಬಿಸಿ ಹೆಚ್ಚಿದ್ದು ಯಾರಿಗೂ ತಿಳಿಯಲಿಲ್ಲ’ ಎಂದು ಅವರು ನಮ್ಮಲ್ಲಿ ಹೇಳಿದರು. ಮಗನನ್ನು ಅವರು ಬೈಯಲಿಲ್ಲ. ಆದರೆ ಆ ವರ್ಷ ಮಾಡಬೇಕೆಂದಿದ್ದ ಕಾದಿಗೆಯ ಕೆಲಸ ಮುಂದಿನ ವರ್ಷಕ್ಕೆ ಹೋಯಿತು. ಸಣ್ಣ ಹಿಡುವಳಿಯವನಿಗೆ ಒಂದು ತಪ್ಪು ಖರ್ಚು ಎಂದರೆ ಒಂದು ವರ್ಷದ ತೋಟದ ಕೆಲಸ. ಈ ಲೇಖನ ಬರೆಯಲು ನಮಗಿರುವ ಕಾರಣವೂ ಇದೇ.

ಕರಾವಳಿಯವರು ಇನ್ನೂ ಒಂದು ಮಾತನ್ನು ಗಮನಿಸಬೇಕು. ಅಪ್ಸರಕೊಂಡ, ಕಾಸರಕೋಡಿನ ಕಡೆ ಕಡಲ ಗಾಳಿಯ ಉಪ್ಪು ತಗಡನ್ನು ಹೇಗೆ ತಿನ್ನುತ್ತದೆಂಬುದು ನಮಗೆ ಹೊಸತಲ್ಲ. ಇಂಟರ್‌ಕೂಲರಿನ ತೆಳು ಅಲ್ಯುಮಿನಿಯಂ ರೆಕ್ಕೆಗಳಿಗೆ ಉಪ್ಪಿನ ಜೊತೆಗೆ ಕೆಂಪು ಧೂಳು, ಕೆಸರು, ಒಣ ಸೊಪ್ಪು, ಸಿಪ್ಪೆಯ ನಾರು ಸೇರಿಕೊಳ್ಳುತ್ತವೆ. ತೊಳೆಯದೆ ಬಿಟ್ಟರೆ ಒಂದೆರಡು ಮಳೆಗಾಲದಲ್ಲಿ ಅದು ಕಂಬಳಿ ಹೊದ್ದ ಹಾಗೆ ಆಗಿ, ತಾನೂ ತಂಪಾಗುವುದಿಲ್ಲ, ಹಿಂದಿನ ರೇಡಿಯೇಟರನ್ನೂ ತಂಪಾಗಲು ಬಿಡುವುದಿಲ್ಲ. ಕಲ್ಲುದಾರಿಯ ಕುಲುಕಾಟಕ್ಕೆ ಹೋಸಿನ ಕ್ಲಿಪ್ಪು ಸಡಿಲಾದರೆ ಒತ್ತಿದ ಗಾಳಿ ಸೋರಿ, ಗಾಡಿ ಮೊದಲಿಗಿಂತ ಹೆಚ್ಚು ಕಪ್ಪು ಹೊಗೆ ಕಾರುತ್ತದೆ.

ಕಾನೂನಿನ ಮಾತನ್ನೂ ಹೇಳದೆ ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರಕ್ಕೂ ವ್ಯತ್ಯಾಸ ಬರುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಬಿಡಿಭಾಗ ಜೋಡಿಸಿ ವಾಹನ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದೆಂದು ಸೇರಿಸಲಾಯಿತು. ‘ನೋಂದಣಿ ಪತ್ರದಲ್ಲಿ ಇಂಟರ್‌ಕೂಲರ್ ಎಂಬ ಅಂಕಣವೇ ಇಲ್ಲವಲ್ಲ’ ಎಂದು ವಾದಿಸುವವರಿದ್ದಾರೆ. ವಾದ ಗೆಲ್ಲಬಹುದು, ಸೋಲಬಹುದು. ಆದರೆ ಆಳುಗಳನ್ನು ಕೂರಿಸಿಕೊಂಡ ಗಾಡಿ ಅಪಘಾತಕ್ಕೆ ಸಿಕ್ಕು ವಿಮೆಯ ಕಾಗದ ತೆರೆಯುವ ದಿನ ಈ ವಾದ ಮಾಡುತ್ತ ನಿಲ್ಲುವ ಸ್ಥಿತಿ ಯಾರಿಗೂ ಬರಬಾರದು. ಕೈ ಹಾಕುವ ಮುಂಚೆ ಸಾರಿಗೆ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ಲಿಖಿತವಾಗಿ ಕೇಳಿಕೊಳ್ಳುವುದೇ ಜಾಣತನ.

ಹಾಗಾದರೆ ಯಾರೂ ಹಾಕಿಸಲೇಬಾರದೆ? ಹಾಗೆಂದು ನಾವು ಹೇಳುವುದಿಲ್ಲ. ಟರ್ಬೊ ಇದ್ದು ಇಂಟರ್‌ಕೂಲರ್ ಇಲ್ಲದ ಗಾಡಿ, ವಾರಕ್ಕೆ ಮೂರು ನಾಲ್ಕು ಸಲ ಹೇರು ಹೊತ್ತು ಘಟ್ಟ ಹತ್ತುವ ಕೆಲಸ, ಸುಸ್ಥಿತಿಯ ಎಂಜಿನ್, ಬರಹದಲ್ಲಿ ಒಪ್ಪಿಗೆ, ಇಷ್ಟೂ ಇದ್ದವರಿಗೆ ಅದರಿಂದ ಪ್ರಯೋಜನವಿದೆ. ಘಟ್ಟದ ಮೇಲಿನ ಕಾಫಿ ಬೆಳೆಗಾರರಲ್ಲಿ, ಬಾಡಿಗೆಗೆ ಮಾಲು ಸಾಗಿಸುವವರಲ್ಲಿ ಅಂಥವರು ಇದ್ದಾರೆ. ಅವರು ಕೆಲವು ನಿಯಮ ಪಾಲಿಸಲಿ. ಎಂಜಿನ್ನಿನ ಅಳತೆಗೆ ತಕ್ಕ ಜಾಲರಿಯನ್ನೇ ಆರಿಸಲಿ. ದೊಡ್ಡದಾದಷ್ಟೂ ಒಳ್ಳೆಯದೆಂಬುದು ಭ್ರಮೆ. ರೇಡಿಯೇಟರನ್ನು ಮೊದಲು ಬಿಚ್ಚಿಸಿ ಸ್ವಚ್ಛ ಮಾಡಿಸಿ, ಫ್ಯಾನು ಸರಿಯಿದೆಯೆಂದು ಖಾತ್ರಿ ಮಾಡಿಕೊಳ್ಳಲಿ. ಡೀಸೆಲ್ ಪಂಪಿನ ಸ್ಕ್ರೂ ಮುಟ್ಟಲು ಬಿಡದಿರಲಿ. ನೀರಿನ ಉಷ್ಣ ತೋರಿಸುವ, ನಂಬಬಹುದಾದ ಮುಳ್ಳೊಂದು ಕಣ್ಣೆದುರಿಗೇ ಇರಲಿ. ಜಾಲರಿಯನ್ನು ಆಗಾಗ ಸಿಹಿನೀರಿನಿಂದ ತೊಳೆಯಲಿ. ಜೋರು ಪಂಪಿನ ನೀರು ಹೊಡೆದು ರೆಕ್ಕೆ ಮಡಿಸದಿರಲಿ.

ಉಳಿದವರಿಗೆ ನಮ್ಮ ಸಲಹೆ ಬೇರೆ. ಗಾಡಿಗೆ ಬಲವಿಲ್ಲ, ಹೊಗೆ ಹೆಚ್ಚು ಎಂದು ತೋರಿದರೆ ಹೊಸದನ್ನು ಸೇರಿಸುವ ಮುಂಚೆ ಹಳೆಯದು ಸರಿಯಿದೆಯೇ ನೋಡಿ. ಏರ್ ಫಿಲ್ಟರ್ ಬಿಚ್ಚಿ ಬಡಿದರೆ ಎಷ್ಟು ಧೂಳು ಬೀಳುತ್ತದೆಂದು ನೋಡಿದವರಿಗೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ಟರ್ಬೊದಿಂದ ಎಂಜಿನ್ನಿಗೆ ಹೋಗುವ ಹೋಸಿಗೆ ಸಾಬೂನು ನೀರು ಹಚ್ಚಿ, ಒಬ್ಬರು ಆಕ್ಸಿಲರೇಟರ್ ಒತ್ತುವಾಗ ಇನ್ನೊಬ್ಬರು ಗುಳ್ಳೆ ಬರುತ್ತದೆಯೇ ನೋಡಲಿ. ಕೈಯನ್ನು ಮಾತ್ರ ಫ್ಯಾನಿನಿಂದ ದೂರವಿಡಬೇಕು. ನಾಝಲ್‌ಗಳನ್ನು ಪರೀಕ್ಷೆ ಮಾಡಿಸಿ. ಕಪ್ಪು ಹೊಗೆಯೆಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು. ನೀಲಿ ಹೊಗೆಯೆಂದರೆ ಆಯಿಲ್ ಸುಡುತ್ತಿದೆ. ನೀಲಿ ಹೊಗೆಗೆ ಇಂಟರ್‌ಕೂಲರ್ ಮದ್ದಲ್ಲ. ಘಟ್ಟ ಹತ್ತಿ ನಿಲ್ಲಿಸಿದ ಕೂಡಲೇ ಎಂಜಿನ್ ಬಂದ್ ಮಾಡದೆ ಒಂದೆರಡು ನಿಮಿಷ ಹಾಗೆಯೇ ಬಿಟ್ಟರೆ ಟರ್ಬೊದ ಆಯುಷ್ಯ ಹೆಚ್ಚುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ.

ಇನ್ನೊಂದು ಮಾತು. ಇಂಟರ್‌ಕೂಲರ್ ಸಹಾಯ ಮಾಡುವುದು ಘಟ್ಟ ಹತ್ತುವಾಗ. ಹತ್ತಿದ ಗಾಡಿ ಇಳಿಯಲೇಬೇಕು. ಇಳಿಯುವಾಗ ನಮ್ಮನ್ನು ಕಾಯುವುದು ಬ್ರೇಕು, ಟಯರು ಮತ್ತು ಕೆಳಗಿನ ಗೇರು. ಹತ್ತಲಾರದ ಗಾಡಿ ದಾರಿಯಲ್ಲಿ ನಿಲ್ಲುತ್ತದೆ, ನಾಳೆ ತರಬಹುದು. ನಿಲ್ಲಲಾರದ ಗಾಡಿಯ ಕಥೆ ಹಾಗಲ್ಲ. ಕೈಯಲ್ಲಿ ಸ್ವಲ್ಪ ಹಣವಿದ್ದರೆ ಮೊದಲು ಬ್ರೇಕಿಗೆ, ಆಮೇಲೆ ಟಯರಿಗೆ, ಆಮೇಲೆ ರೇಡಿಯೇಟರಿಗೆ ಹಾಕಿ. ಮಿಕ್ಕಿದರೆ ಉಳಿದ ಮಾತು.

ಕೊನೆಯದಾಗಿ ಸಂಘದ ಕಡೆಯಿಂದ ಒಂದು ವಿಚಾರ. ಒಬ್ಬೊಬ್ಬರೇ ತಮ್ಮ ಜೀಪನ್ನು ಲಾರಿಯಾಗಿಸಲು ಹೆಣಗುವುದೇಕೆ? 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿದ್ದೂ, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ್ದೂ ಒಬ್ಬನಿಂದ ಆಗದ್ದನ್ನು ಹತ್ತು ಜನ ಸೇರಿ ಮಾಡಬೇಕೆಂದೇ. ಚಾಲಿಯ ಕಾಲದಲ್ಲಿ ನೆರೆಯ ಹತ್ತು ಮನೆಯವರು ಸೇರಿ ಒಂದು ತಕ್ಕ ಗಾಡಿಯನ್ನು ಬಾಡಿಗೆಗೆ ಹಿಡಿದರೆ ಯಾರ ಜೀಪೂ ಘಟ್ಟದಲ್ಲಿ ಬೇಯಬೇಕಾಗಿಲ್ಲ. ಮಳೆಗಾಲ ಮುಗಿದ ಮೇಲೆ ಎರಡು ದಿನ ಎಲ್ಲರೂ ಕೈಗೂಡಿಸಿ ತೋಟದ ದಾರಿಯ ಕೊರಕಲು ಮುಚ್ಚಿ, ನೀರು ಹೋಗಲು ಗಟಾರ ಬಿಡಿಸಿದರೆ ಎಲ್ಲರ ಗಾಡಿಯ ಬಲವೂ ಒಂದೇ ಸಲ ಹೆಚ್ಚಿದಂತಾಗುತ್ತದೆ. ಬೇಸಗೆ ಆರಂಭದಲ್ಲಿ ಸಂಘದ ಅಂಗಳದಲ್ಲಿಯೇ ಒಂದು ದಿನ ನುರಿತ ಮೆಕ್ಯಾನಿಕರನ್ನು ಕರೆಸಿ ಸದಸ್ಯರ ಗಾಡಿಗಳ ಬ್ರೇಕು, ರೇಡಿಯೇಟರು, ಹೋಸುಗಳನ್ನು ನೋಡಿಸುವ ಏರ್ಪಾಡು ಮಾಡಬಹುದು. ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಸದಸ್ಯ ಬಾಂಧವರು ಈ ಮೂರನ್ನೂ ಚರ್ಚೆಗೆ ತರಬೇಕೆಂದು ಕೋರುತ್ತೇವೆ.

ಮಕ್ಕಳಿಗೂ ಒಂದು ಮಾತು. ಯಂತ್ರದ ಮೇಲೆ ನಿಮಗಿರುವ ಆಸಕ್ತಿ ನಮಗೆ ಸಂತೋಷ ತಂದಿದೆ. ತೋಟದಲ್ಲಿ ಉಳಿಯುವ ಹುಡುಗರು ಕಡಿಮೆಯಾಗಿರುವ ಈ ದಿನಗಳಲ್ಲಿ ಅದು ಸಣ್ಣ ಸಂಗತಿಯಲ್ಲ. ಅದೇ ಆಸಕ್ತಿಯಿಂದ ಅಪ್ಪಯ್ಯನ ಗಾಡಿಯ ಬಾನೆಟ್ ಎತ್ತಿ, ಇದ್ದದ್ದನ್ನು ಮೊದಲು ನೆಟ್ಟಗೆ ಮಾಡಿ. ಆಮೇಲೂ ಇಂಟರ್‌ಕೂಲರ್ ಬೇಕೆನಿಸಿದರೆ, ಲೆಕ್ಕ ಬರೆದ ಕಾಗದ ಹಿಡಿದು ನಮ್ಮ ಹತ್ತಿರ ಬನ್ನಿ. ಕೂತು ಮಾತಾಡೋಣ.